ಕೆಂಪು ಹಚ್ಚುವ ಮುನ್ನ

ಬಿ.ಕಾಂ. ಮುಗಿಸಿ ಈಗಷ್ಟೇ ಸಹಕಾರ ಸಂಘದ ಕಂಪ್ಯೂಟರ್ ಮುಂದೆ ಕುಳಿತಿರುವ ಮಕ್ಕಳೇ, ಸಾಲದ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿಕೊಂಡು, ‘ಸುಸ್ತಿ’ ಎಂದಿರುವ ಸೆಲ್‌ಗಳಿಗೆಲ್ಲ ತಾನಾಗಿಯೇ ಕೆಂಪು ಬರುವಂತೆ ಮಾಡುವ ವಿದ್ಯೆ ನಿಮಗೆ ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ. ಅದು ಒಳ್ಳೆಯ ವಿದ್ಯೆ. ಲೆಡ್ಜರಿನ ಪುಟ ಪುಟ ತಿರುವಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಬಂದ ನನ್ನ ತಲೆಮಾರಿನ ಲೆಕ್ಕಿಗರಿಗೆ ಅದರ ಬೆಲೆ ಗೊತ್ತು. ಆದರೆ ಆ ಕೆಂಪು ಬೀಳುವುದು ಒಬ್ಬ ಸದಸ್ಯನ ಹೆಸರಿನ ಪಕ್ಕದಲ್ಲಿ. ಅದಕ್ಕೇ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕೆನಿಸಿದೆ.

ಮಾಡುವ ಬಗೆ ಸುಲಭ. ಎಕ್ಸೆಲ್‌ನಲ್ಲಿ ಕಾಲಂ ಆರಿಸಿಕೊಂಡು, ಹೋಮ್ ಟ್ಯಾಬ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ, ಹೈಲೈಟ್ ಸೆಲ್ಸ್ ರೂಲ್ಸ್ ಅಡಿಯಲ್ಲಿ ‘ಟೆಕ್ಸ್ಟ್ ದಟ್ ಕಂಟೇನ್ಸ್’ ಒತ್ತಿ ಪದ ಬರೆದರೆ ಮುಗಿಯಿತು. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸ ಫಾರ್ಮ್ಯಾಟ್ ಮೆನುವಿನಲ್ಲಿದೆ. ಇದನ್ನು ಕಲಿಸಲು ನಾನು ಬೇಕಿಲ್ಲ. ಆ ನಿಯಮ ಒಳಗೊಳಗೆ ಏನು ಹುಡುಕುತ್ತಿದೆ ಎಂಬುದನ್ನು ಮಾತ್ರ ನಿಧಾನವಾಗಿ ಯೋಚಿಸಿ ನೋಡಿ.

ಅದು ಹುಡುಕುವುದು ಅಕ್ಷರಗಳ ಸಾಲನ್ನು. ಅರ್ಥ ಅದಕ್ಕೆ ತಿಳಿಯದು. ‘ಸುಸ್ತಿ’ ಎಂದು ಕೊಟ್ಟರೆ ‘ಸುಸ್ತಿ ಇಲ್ಲ’ ಎಂದಿರುವ ಸೆಲ್ಲೂ ಕೆಂಪಾಗುತ್ತದೆ, ‘ಸುಸ್ತಿ ತೀರಿದೆ’ ಎಂದಿರುವುದೂ ಕೆಂಪಾಗುತ್ತದೆ. ಕನ್ನಡದಲ್ಲಿ ನಾವು ‘ಇಲ್ಲ’ ಎನ್ನುವುದು ಕೊನೆಯಲ್ಲಿ. ಮೊದಲ ಪದ ಸಿಕ್ಕ ಕೂಡಲೇ ನಿಯಮದ ಕೆಲಸ ಮುಗಿಯುತ್ತದೆ, ಮುಂದಿನ ‘ಇಲ್ಲ’ವನ್ನು ಅದು ಓದುವುದೇ ಇಲ್ಲ. ಸಿಬ್ಬಂದಿಯ ಹಾಜರಾತಿ ಪಟ್ಟಿಯಲ್ಲೂ ಇದೇ ಕಥೆ. ‘ಹಾಜರು’ ಎಂಬುದಕ್ಕೆ ಹಸಿರು ಕೊಟ್ಟರೆ ‘ಗೈರುಹಾಜರು’ ಕೂಡ ಹಸಿರಾಗಿ ನಿಲ್ಲುತ್ತದೆ, ಏಕೆಂದರೆ ಅದರ ಹೊಟ್ಟೆಯಲ್ಲೇ ‘ಹಾಜರು’ ಇದೆ.

ಇದು ಸಣ್ಣ ವಿಷಯ ಎಂದುಕೊಳ್ಳಬೇಡಿ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಕಾಲದಿಂದಲೂ ನಮ್ಮ ಪತ್ತಿನ ಸಂಘಗಳು ನಡೆದಿರುವುದು ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುವ ಊರುಗಳಲ್ಲಿ. ಅಲ್ಲಿ ಸುಸ್ತಿದಾರ ಎಂಬ ಹಣೆಪಟ್ಟಿ ಹಗುರವಾದದ್ದಲ್ಲ. ಶೂನ್ಯ ಬಡ್ಡಿಯ ಬೆಳೆಸಾಲದ ಸೌಲಭ್ಯ ಸಿಗುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ. ಸಾಲ ಸುಸ್ತಿಯಾದವನು ಆಡಳಿತ ಮಂಡಳಿಗೆ ನಿಲ್ಲಲಾರ. ಎಮ್ಮೆ ಮಾರಿಯೋ ಮಗಳ ಒಡವೆ ಅಡವಿಟ್ಟೋ ಕಂತು ಕಟ್ಟಿ ರಸೀದಿ ಪಡೆದ ರೈತನ ಹೆಸರು, ನಿಮ್ಮ ಪಟ್ಟಿಯಲ್ಲಿ ಕೆಂಪಾಗಿ ಅಚ್ಚಾಗಿ ಸೂಚನಾ ಫಲಕ ಸೇರಿತೆಂದುಕೊಳ್ಳಿ. ಆಮೇಲೆ ತಿದ್ದಿದ ಪಟ್ಟಿ ಅಂಟಿಸಬಹುದು. ಸಂತೆಯಲ್ಲಿ ಆಗಿಹೋದ ಮಾತನ್ನು ತಿದ್ದುವುದು ಯಾರಿಂದ ಸಾಧ್ಯ?

ಇದಕ್ಕಿಂತ ಹೆಚ್ಚು ನನಗೆ ಭಯ ಹುಟ್ಟಿಸುವುದು ಕೆಂಪಾಗದೇ ಉಳಿಯುವ ಸಾಲುಗಳು. ತಪ್ಪಾಗಿ ಕೆಂಪಾದವನು ಬಂದು ಜಗಳವಾಡಿಯಾನು. ಬಣ್ಣ ಬೀಳದ ಸಾಲಿನ ಬಗ್ಗೆ ಯಾರೂ ಕೇಳುವುದಿಲ್ಲ, ಬಿಳಿ ಇದ್ದರೆ ಎಲ್ಲ ಸರಿಯಿದೆ ಎಂದೇ ಕಣ್ಣು ನಂಬುತ್ತದೆ. ಒಬ್ಬರು ‘ಸುಸ್ತಿ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಸುಸ್ಥಿ’, ಮತ್ತೊಬ್ಬರು ‘ಓವರ್‌ಡ್ಯೂ’. ಹಳೆಯ ಫೈಲುಗಳ ತೊಡಕು ಇನ್ನೂ ದೊಡ್ಡದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿರುತ್ತದೆ. ನೀವು ಯೂನಿಕೋಡ್‌ನಲ್ಲಿ ಬರೆದ ‘ಸುಸ್ತಿ’ ಅದಕ್ಕೆ ಎಂದಿಗೂ ಹೊಂದುವುದಿಲ್ಲ. ಅನುಮಾನ ಬಂದರೆ ಆ ಸೆಲ್‌ನ ಫಾಂಟ್ ಬದಲಿಸಿ ನೋಡಿ, ಬಣ್ಣ ಬಯಲಾಗುತ್ತದೆ. ಅಂಥ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಓದಿ, ಆಮೇಲೆ ನಿಯಮದ ಮಾತು.

ಹಾಗಾಗಿ ಮೊದಲ ಕೆಲಸ ಪದಗಳನ್ನು ಗೊತ್ತುಮಾಡುವುದು. ಕಾರ್ಯದರ್ಶಿಯವರ ಜೊತೆ ಕುಳಿತು, ಸ್ಥಿತಿಯ ಕಾಲಂನಲ್ಲಿ ಯಾವ ಪದಗಳು ಬರಬಹುದು ಎಂದು ತೀರ್ಮಾನಿಸಿ. ‘ಚಾಲ್ತಿ’, ‘ಸುಸ್ತಿ’, ‘ತೀರುವಳಿ’ ಇಷ್ಟು ಸಾಕು. ಡೇಟಾ ವ್ಯಾಲಿಡೇಶನ್‌ನಲ್ಲಿ ಅವನ್ನೇ ಪಟ್ಟಿಯಾಗಿ ಕೊಟ್ಟರೆ, ಟೈಪು ಮಾಡುವವರು ಬೇರೆ ಪದ ಹಾಕಲು ಹೋದಾಗ ಎಕ್ಸೆಲ್ಲೇ ತಡೆಯುತ್ತದೆ. ಆದರೆ ಬೇರೆಡೆಯಿಂದ ತಂದು ಪೇಸ್ಟ್ ಮಾಡಿದ್ದನ್ನು ಅದು ತಡೆಯುವುದಿಲ್ಲ, ಅಲ್ಲಿ ನಿಮ್ಮ ಕಣ್ಣೇ ಕಾವಲು. ಪದಗಳು ಹೀಗೆ ನಿಗದಿಯಾದ ಮೇಲೆ ‘ಒಳಗೊಂಡಿದ್ದರೆ’ ಎಂಬ ನಿಯಮ ಬೇಡವೇ ಬೇಡ, ‘ಸರಿಯಾಗಿ ಇದೇ ಆಗಿದ್ದರೆ’ ಎಂಬ ನಿಯಮ ಹಾಕಿ. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ ಈ ನಿಯಮ ತಪ್ಪುತ್ತದೆ. ಅದನ್ನು ತೆಗೆಯಲು ಟ್ರಿಮ್ ಫಾರ್ಮುಲಾ ಇದೆ. ಇಡೀ ಸಾಲು ಬಣ್ಣವಾಗಬೇಕಿದ್ದರೆ ನಿಯಮದ ಫಾರ್ಮುಲಾದಲ್ಲಿ ಕಾಲಂನ ಅಕ್ಷರಕ್ಕೆ ಮೊದಲು ಡಾಲರ್ ಚಿಹ್ನೆ ಇರಲಿ, ಸಾಲಿನ ಸಂಖ್ಯೆಗೆ ಮೊದಲು ಬೇಡ.

ಇಷ್ಟಾದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಪದವನ್ನು ಯಾರೋ ಒಂದು ದಿನ ಬರೆದಿರುತ್ತಾರೆ, ಸಾಲ ದಿನದಿನಕ್ಕೂ ಬದಲಾಗುತ್ತಿರುತ್ತದೆ. ಇಂದು ‘ಚಾಲ್ತಿ’ ಎಂದಿರುವುದು ನಾಳೆ ಗಡುವು ಮೀರಿದರೆ ತಾನಾಗಿ ‘ಸುಸ್ತಿ’ ಆಗುವುದಿಲ್ಲ. ಆದ್ದರಿಂದ ನಿಮ್ಮಿಂದ ಸಾಧ್ಯವಾದರೆ ಪದವನ್ನು ಬಿಟ್ಟು ಗಡುವಿನ ದಿನಾಂಕಕ್ಕೂ ಬಾಕಿ ಮೊತ್ತಕ್ಕೂ ನಿಯಮ ಕಟ್ಟಿ. ಗಡುವು ಇಂದಿಗಿಂತ ಹಿಂದಿನದಾಗಿದ್ದು, ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಕೆಂಪು. ಟುಡೇ ಎಂಬ ಫಾರ್ಮುಲಾ ಇಂದಿನ ದಿನಾಂಕವನ್ನು ತಾನೇ ತಂದುಕೊಡುತ್ತದೆ. ಲೆಕ್ಕದ ಪಟ್ಟಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಷರಾ, ಅರ್ಜಿಯ ಒಕ್ಕಣೆ, ದೂರುಗಳಂಥ ಬರಹದ ಕಾಲಂಗಳಿಗೆ ಪದ ಹುಡುಕುವ ನಿಯಮವನ್ನು ಇಟ್ಟುಕೊಳ್ಳಿ, ಅಲ್ಲಿ ಅದರ ಉಪಕಾರ ದೊಡ್ಡದು.

ಬಣ್ಣಗಳ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಎಕ್ಸೆಲ್ 2003ರವರೆಗೆ ಒಂದು ಸೆಲ್‌ಗೆ ಮೂರೇ ನಿಯಮಗಳನ್ನು ಹಾಕಬಹುದಿತ್ತು, 2007ರಲ್ಲಿ ಆ ಮಿತಿ ಹೋಯಿತು. ಮಿತಿ ಹೋಗಿದ್ದರೂ ಆ ಶಿಸ್ತನ್ನು ನೀವಾಗಿ ಉಳಿಸಿಕೊಳ್ಳಿ. ಕೆಂಪು, ಹಸಿರುಗಳ ನಡುವೆ ವ್ಯತ್ಯಾಸ ಕಾಣದವರು ನಿಮ್ಮ ಆಡಳಿತ ಮಂಡಳಿಯಲ್ಲೇ ಇರಬಹುದು, ಕಪ್ಪು-ಬಿಳುಪಿನ ಪ್ರಿಂಟರಿಗಂತೂ ಎರಡೂ ಬೂದು ಬಣ್ಣವೇ. ಅದಕ್ಕಾಗಿ ಬಣ್ಣದ ಜೊತೆಗೆ ಪದವೂ ಇರಲೇಬೇಕು. ಸಾಲುಗಳನ್ನು ಅತ್ತಿತ್ತ ಕಾಪಿ ಮಾಡಿದಂತೆಲ್ಲ ನಿಯಮಗಳು ಒಡೆದು ಹತ್ತು ತುಣುಕಾಗುತ್ತವೆ, ಮ್ಯಾನೇಜ್ ರೂಲ್ಸ್ ತೆರೆದು ಆಗಾಗ ಗುಡಿಸಿ.

ಕಡೆಯದಾಗಿ ಒಂದು ಬೇಡಿಕೆ. ಪಟ್ಟಿ ಅಚ್ಚಿಗೆ ಹೋಗುವ ಮೊದಲು ಕೆಂಪು ಸಾಲುಗಳನ್ನಷ್ಟೇ ಬಣ್ಣದ ಮೇಲೆ ಫಿಲ್ಟರ್ ಮಾಡಿ, ಸಬ್‌ಟೋಟಲ್ ಹಾಕಿ ಅವುಗಳ ಬಾಕಿಯನ್ನು ಕೂಡಿ. ಆ ಮೊತ್ತ ನಿಮ್ಮ ಸುಸ್ತಿ ಸಾಲದ ಲೆಕ್ಕಕ್ಕೆ ರೂಪಾಯಿಗೆ ರೂಪಾಯಿ ತಾಳೆಯಾಗಬೇಕು. ಆಗದಿದ್ದರೆ ಒಂದೊಂದೇ ಖಾತೆ ತೆಗೆದು ನೋಡಿ, ಅಗತ್ಯ ಬಿದ್ದರೆ ಸದಸ್ಯರಿಗೇ ಫೋನ್ ಮಾಡಿ ರಸೀದಿ ತರಲು ಹೇಳಿ. ಮೇಲಿನವರು ಎಷ್ಟೇ ಅವಸರ ಮಾಡಲಿ, ತಾಳೆಯಾಗದ ಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ.