ಮಳೆಗಾಲದಲ್ಲಿ ಕೆಮ್ಮುವ ಹಳೆಯ ಕಾರು: ಕಿಡಿ ತಪ್ಪಿದ್ದೆಲ್ಲಿ?



ಕಳೆದ ಜೂನ್‌ನಲ್ಲಿ ಇಲ್ಲಿನ ಮಳೆಗಾಲ, ಅಂದರೆ ತ್ಸುಯು, ಹಿಡಿದುಕೊಂಡ ಮೂರನೇ ದಿನ. ನಮ್ಮಾಕೆ ಮಗಳನ್ನು ಹೊಯಿಕುಎನ್‌ಗೆ ಬಿಡಲು ಹೊರಟಿದ್ದಳು. ದಾರಿಯಲ್ಲಿ ಒಂದು ರೈಲ್ವೆ ಗೇಟು. ಗೇಟು ತೆರೆದಿದ್ದರೂ ಹಳಿಯ ಮುಂದೆ ಪೂರ್ತಿ ನಿಲ್ಲಿಸಿಯೇ ಹೋಗಬೇಕೆಂಬ ಜಪಾನಿನ ಕಾನೂನು ನಿಮಗೆ ಗೊತ್ತೇ ಇದೆ. ನಿಲ್ಲಿಸಿ ಮತ್ತೆ ಹೊರಟರೆ ಕಾರು ಕೆಮ್ಮಿತು, ನಡುಗಿತು, ಹೇಗೋ ಹಳಿ ದಾಟಿ ನಿಂತೇಬಿಟ್ಟಿತು. "ಹತ್ತು ಅಡಿ ಹಿಂದೆ ನಿಂತಿದ್ದರೆ?" ಎಂದು ಸಂಜೆ ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮದು 2003ರ ಕೇ ಕಾರು. 660 ಸಿಸಿ, ಮೂರು ಸಿಲಿಂಡರ್. ಗ್ಯಾರೇಜಿನಲ್ಲಿ ವಿಚಾರಿಸಿದರೆ "ಕಾಯಿಲ್, ಪ್ಲಗ್ ಎಲ್ಲ ಬದಲಿಸಬಹುದು, ಆದರೆ ಇಷ್ಟು ಹಳೆಯ ಕಾರಿಗೆ ಅಷ್ಟು ಖರ್ಚು ಯಾಕೆ?" ಎಂದರು. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಇಲ್ಲಿ ತೆರಿಗೆಯೂ ಹೆಚ್ಚು. ಮಾರಿಬಿಡೋಣವೇ ಎಂದು ಊರಿಗೆ ಫೋನ್ ಮಾಡಿದೆ. ಅಪ್ಪ ಹೇಳಿದ್ದು ಒಂದೇ ಮಾತು: "ಮೊದಲು ಯಾವ ಸಿಲಿಂಡರ್ ಸತ್ತಿದೆ ಅಂತ ಹುಡುಕೋ. ಆಮೇಲೆ ಅಂಗಡಿಗೆ ಹೋಗು."

ಅಪ್ಪನ ಕಾಲದ ಕಾರಿನಲ್ಲಿ ಪಾಯಿಂಟ್, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಇರುತ್ತಿದ್ದವು. ಮಲೆನಾಡಿನ ಮಳೆಯಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸುವುದೇ ಮೊದಲ ಚಿಕಿತ್ಸೆ. ಈಗ ಅನೇಕ ಕಾರುಗಳಲ್ಲಿ ಪ್ರತಿ ಪ್ಲಗ್‌ನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ತತ್ವ ಮಾತ್ರ ಹಳೆಯದೇ. ಬ್ಯಾಟರಿಯ 12 ವೋಲ್ಟ್ ಕಾಯಿಲ್‌ಗೆ ಹರಿಯುತ್ತಿರುತ್ತದೆ. ಆ ಕರೆಂಟನ್ನು ಥಟ್ಟನೆ ಕಡಿದಾಗ ಎರಡನೇ ಸುತ್ತಿನ ತಂತಿಯಲ್ಲಿ ಇಪ್ಪತ್ತು ಸಾವಿರ ವೋಲ್ಟ್‌ಗೂ ಮಿಕ್ಕಿ ಹುಟ್ಟುತ್ತದೆ. ಅದು ಪ್ಲಗ್‌ನ ತುದಿಯ ಸುಮಾರು ಒಂದು ಮಿಲಿಮೀಟರ್ ಸಂದನ್ನು ಕಿಡಿಯಾಗಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಸಿಲಿಂಡರ್‌ಗೆ 400 ಕಿಡಿ ಬೇಕು. ಇಷ್ಟು ವೋಲ್ಟೇಜಿಗೆ ಸುಲಭದ ಅಡ್ಡದಾರಿ ಸಿಕ್ಕರೆ, ಅಂದರೆ ಬಿರುಕುಬಿಟ್ಟ ರಬ್ಬರು, ಅದರ ಮೇಲೆ ತೇವ, ಕಿಡಿ ಪ್ಲಗ್‌ನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ. ಮಳೆಯಲ್ಲಿ ಮಾತ್ರ ಕಾಡುವ ತೊಂದರೆಯ ಗುಟ್ಟು ಬಹುಮಟ್ಟಿಗೆ ಇದೇ.

ನಾವು ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವಾಗ ಒಂದು ನಿಯಮ ಪಾಲಿಸುತ್ತೇವೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಕಾರಿಗೂ ಅದೇ ಸಾಕು. ನಾನು ಮಾಡಿದ ಕ್ರಮ ಹೀಗಿದೆ.

1. ಲಕ್ಷಣ ಬರೆದಿಡಿ. ಯಾವಾಗ ಕೆಮ್ಮುತ್ತದೆ? ತಣ್ಣಗಿರುವಾಗಲೋ, ಮಳೆಯಲ್ಲೋ, ಏರಿನಲ್ಲೋ? ಸ್ಟಾರ್ಟರ್ ತಿರುಗದೇ ಬರೀ "ಟಿಕ್" ಎಂದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಇಲ್ಲವೇ ಕುಂಟುತ್ತಿದ್ದರೆ ಕಿಡಿಯನ್ನು ಸಂಶಯಿಸಿ.

2. ಸತ್ತ ಸಿಲಿಂಡರ್ ಹುಡುಕಿ. ಹೊಸ ಕಾರುಗಳಲ್ಲಿ ಚಿಕ್ಕ ಸ್ಕ್ಯಾನರ್ ಚುಚ್ಚಿದರೆ ಪಿ0301, ಪಿ0302 ಎಂಬ ಕೋಡ್ ಬರುತ್ತದೆ; ಕೊನೆಯ ಅಂಕೆಯೇ ಸಿಲಿಂಡರ್ ಸಂಖ್ಯೆ. ನಮ್ಮ ಹಳೆಯ ಕಾರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಎಂಜಿನ್ ಆರಿಸಿ, ಒಂದು ಕಾಯಿಲ್‌ನ ಕನೆಕ್ಟರ್ ಬಿಡಿಸಿ, ಕೆಲವೇ ಸೆಕೆಂಡ್ ಸ್ಟಾರ್ಟ್ ಮಾಡಿ ಕೇಳಿದೆ. ಮತ್ತೆ ಆರಿಸಿ, ಅದನ್ನು ಜೋಡಿಸಿ, ಮುಂದಿನದು. 1 ಮತ್ತು 3 ಬಿಡಿಸಿದಾಗ ಎಂಜಿನ್ ಇನ್ನಷ್ಟು ಕುಂಟಿತು. 2 ಬಿಡಿಸಿದಾಗ ಏನೂ ವ್ಯತ್ಯಾಸವಿಲ್ಲ. ಕೆಲಸ ಮಾಡದವನು ರಜೆ ಹಾಕಿದರೆ ಆಫೀಸಿಗೆ ತಿಳಿಯುವುದೇ ಇಲ್ಲವಲ್ಲ!

3. ಅದಲು ಬದಲು ಮಾಡಿ. 2ರ ಕಾಯಿಲ್ ಅನ್ನು 3ಕ್ಕೆ, 3ರದನ್ನು 2ಕ್ಕೆ ಹಾಕಿದೆ. ಈಗ 3 ಸತ್ತಿತು, 2 ಬದುಕಿತು. ದೋಷ ಕಾಯಿಲ್ ಜೊತೆಗೇ ಹೋಯಿತು! ಹಾಗೆ ಹೋಗದಿದ್ದರೆ ಪ್ಲಗ್‌ಗಳನ್ನು ಅದಲು ಬದಲು ಮಾಡಬೇಕಿತ್ತು. ಆಗಲೂ ದೋಷ ಅಲ್ಲೇ ಕೂತರೆ ವೈರಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್. ಅದು ಗ್ಯಾರೇಜಿನ ಕೆಲಸ.

4. ಪ್ಲಗ್‌ನ ಬಣ್ಣ ಓದಿ. ತುದಿ ತಿಳಿಕಂದು ಅಥವಾ ಬೂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿ ಬಂದೇ ಇಲ್ಲ ಎಂಬ ಅನುಮಾನ. ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಸುಟ್ಟ ಹಾಗೆ ಬೆಳ್ಳಗಿದ್ದರೆ ಶಾಖ ಹೆಚ್ಚಾಗಿದೆ.

ಕಾಯಿಲ್‌ನ ಕೆಳಗಿನ ರಬ್ಬರ್ ಕೊಳವೆಯನ್ನು ಬಿಸಿಲಿಗೆ ಹಿಡಿದಾಗ ಕೂದಲೆಳೆಯಷ್ಟು ಬಿರುಕು, ಪಕ್ಕದಲ್ಲಿ ಕಿಡಿ ಹರಿದ ಕಪ್ಪು ಗೆರೆ ಕಂಡಿತು. ಎಲ್ಲವನ್ನೂ ಬದಲಿಸಿದ್ದರೆ ಗುಡ್ಡ ಅಗೆದು ಇಲಿ ಹಿಡಿದ ಹಾಗಾಗುತ್ತಿತ್ತು. ಒಂದು ಕಾಯಿಲ್ ತಂದೆ. ಪ್ಲಗ್‌ಗಳನ್ನು ಮಾತ್ರ ಮೂರೂ ಬದಲಿಸಿದೆ, ಅದಕ್ಕೆ ಕಾರಣವಿದೆ: ಪ್ಲಗ್ ಸವೆದು ಸಂದು ದೊಡ್ಡದಾದರೆ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು, ಆ ಹೊರೆ ಕಾಯಿಲ್ ಮೇಲೆ ಬೀಳುತ್ತದೆ. ಹೊಸ ಕಾಯಿಲ್ ಹಾಕಿ ಹಳೆಯ ಪ್ಲಗ್ ಬಿಟ್ಟರೆ ರೋಗ ಮರುಕಳಿಸಬಹುದು. ಅಂಗಡಿಯಲ್ಲಿ ಕೇಳಲು ಮೂರು ಪದ ಸಾಕು: ಪ್ಲಗ್‌ಗೆ "ಪುರಗು", ಕಾಯಿಲ್‌ಗೆ "ಕೊಯಿರು", ಎಂಜಿನ್ ನಿಂತುಹೋಗುವುದಕ್ಕೆ "ಎನ್‌ಸುತೊ".

ಈಗ ಎಚ್ಚರಿಕೆಯ ಮಾತು. ಎಂಜಿನ್ ಓಡುವಾಗ ಕಾಯಿಲ್, ವೈರ್ ಮುಟ್ಟಬೇಡಿ. ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಬರುವುದೇ ಬೇಡ. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಪ್ಲಗ್ ಬಿಚ್ಚಿ. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಅಲ್ಯುಮಿನಿಯಂ ಮರೆ ಕೆಟ್ಟರೆ ಖರ್ಚು ಹತ್ತುಪಟ್ಟು. ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ಬಿಡಿ. ಕುಂಟುವ ಕಾರನ್ನು "ಓಡುತ್ತಿದೆಯಲ್ಲ" ಎಂದು ಓಡಿಸಲೂ ಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಹಾಳುಮಾಡುತ್ತದೆ. ಹೊಗೆಯಲ್ಲಿ ಹೈಡ್ರೋಕಾರ್ಬನ್ ಏರಿದರೆ ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್‌ನಲ್ಲೂ ಫೇಲ್. ದಾರಿಯಲ್ಲಿ ನಿಂತರೆ ಜಾಫ್‌ಗೆ #8139 ಒತ್ತಿ. ಸದಸ್ಯರಲ್ಲದವರಿಗೂ ಹಣ ಕೊಟ್ಟರೆ ಬರುತ್ತಾರೆ.

ನಮ್ಮಾಕೆಯ ಪ್ರಶ್ನೆಗೆ ಉತ್ತರವನ್ನೂ ಆಮೇಲೆ ಕಲಿತೆ. ಕಾರು ಹಳಿಯ ಮೇಲೇ ನಿಂತು ಅಲುಗದಿದ್ದರೆ ಮೊದಲು ಮಕ್ಕಳನ್ನು ಇಳಿಸಿ ಹಳಿಯಿಂದ ದೂರ ಕಳಿಸಿ. ಗೇಟಿನ ಬಳಿಯ ತುರ್ತು ಬಟನ್ ಒತ್ತಿ. ಬಟನ್ ಇಲ್ಲದಿದ್ದರೆ, ಮುಂದಿನ ಸೀಟಿನ ಕಾಲ ಬಳಿ ಇರುವ ಕೆಂಪು ಹತ್ಸುಎನ್‌ತೋ ಹಚ್ಚಿ ರೈಲಿಗೆ ತೋರಿಸಿ. ಕಾರಿನ ಚಿಂತೆ ಆಮೇಲೆ. ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಈ ಭಾನುವಾರವೇ ಮನೆಯವರೆಲ್ಲ ಸೇರಿ ನೋಡಿಕೊಳ್ಳಿ.

ಕಾಯಿಲ್ ಹಾಕಿದ ಮರುದಿನವೂ ಮಳೆ. ಈ ಸಲ ನಾನೇ ಓಡಿಸಿದೆ. ಗೇಟಿನ ಮುಂದೆ ನಿಲ್ಲಿಸಿ ಹೊರಟೆವು, ಕೆಮ್ಮಿಲ್ಲ, ನಡುಕವಿಲ್ಲ. ಅಪ್ಪನಿಗೆ ಫೋನ್ ಮಾಡಿ "ಎರಡನೇ ಸಿಲಿಂಡರ್" ಎಂದೆ. "ನೋಡಿದ್ಯಾ, ಹುಡುಕಿದ್ರೆ ಸಿಕ್ಕೇ ಸಿಗುತ್ತೆ" ಎಂದು ನಕ್ಕರು.