ಪಿತ್ತನಾಳದ ಕಲ್ಲು ತೆಗೆಸಿದ ಮೇಲೂ ಎಚ್ಚರವಿರಲಿ

ಕಾಯಕಕ್ಕೆ ಕಾಯವೇ ಆಧಾರ. ಆದುದರಿಂದ ಕಾಯದ ರಕ್ಷಣೆಯೂ ಶರಣಮಾರ್ಗದ ಒಂದು ಭಾಗವೆಂದು ನಾವು ಭಾವಿಸುತ್ತೇವೆ. ಪಿತ್ತನಾಳದ ಎಂಡೋಸ್ಕೋಪಿ ಚಿಕಿತ್ಸೆಯ ನಂತರ ಕೆಲವರಲ್ಲಿ ತಲೆದೋರುವ ಪಿತ್ತಕೋಶದ ಸೋಂಕನ್ನು ಕುರಿತು ಈ ಸಂಚಿಕೆಯಲ್ಲಿ ತಿಳಿಯೋಣ.

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವು ಪಿತ್ತಕೋಶದಲ್ಲಿ ಸಂಗ್ರಹವಾಗಿ, ಪಿತ್ತನಾಳದ ಮೂಲಕ ಸಣ್ಣ ಕರುಳನ್ನು ಸೇರುತ್ತದೆ. ಪಿತ್ತಕೋಶದ ಕಲ್ಲೊಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಉಂಟಾಗುತ್ತದೆ. ಆಗ ವೈದ್ಯರು ಬಾಯಿಯ ಮೂಲಕ ಕೊಳವೆ ಇಳಿಸಿ, ಎಕ್ಸ್‌-ರೇಯಲ್ಲಿ ಕಾಣುವ ದ್ರವವನ್ನು ನಾಳಕ್ಕೆ ಹಾಯಿಸಿ, ನಾಳದ ಬಾಯನ್ನು ತುಸು ಸೀಳಿ ಕಲ್ಲನ್ನು ಹೊರತೆಗೆಯುತ್ತಾರೆ. ಇದೇ ಇ.ಆರ್.ಸಿ.ಪಿ. 1968ರಲ್ಲಿ ಪರೀಕ್ಷಾಕ್ರಮವಾಗಿ ಬಂದ ಇದು 1974ರಿಂದ ಚಿಕಿತ್ಸೆಯೂ ಆಯಿತು.

ಆದರೆ ಹೀಗೆ ತೆಗೆದದ್ದು ನಾಳದ ಕಲ್ಲನ್ನು ಮಾತ್ರ. ಪಿತ್ತಕೋಶವೂ ಅದರೊಳಗಿನ ಕಲ್ಲುಗಳೂ ಇದ್ದಲ್ಲಿಯೇ ಇರುತ್ತವೆ. ಚಿಕಿತ್ಸೆಯ ವೇಳೆ ಕರುಳಿನ ರೋಗಾಣುಗಳು ದ್ರವದೊಡನೆ ಪಿತ್ತಕೋಶವನ್ನು ಪ್ರವೇಶಿಸಬಹುದು. ಅದರ ಕೊರಳಿನಲ್ಲಿ ಕಲ್ಲು ಅಡ್ಡವಾಗಿದ್ದರೆ, ಅಥವಾ ನಾಳದಲ್ಲಿರಿಸಿದ ಲೋಹದ ಸ್ಟೆಂಟ್ ದಾರಿಯನ್ನು ಮುಚ್ಚಿದರೆ, ಪಿತ್ತರಸವು ನಿಂತ ನೀರಿನಂತೆ ಕೆಡುತ್ತದೆ. ನೂರರಲ್ಲಿ ಕೆಲವರಿಗಷ್ಟೇ ಹೀಗಾಗುವುದು. ಆದರೆ ಅಲಕ್ಷಿಸಿದರೆ ಪಿತ್ತಕೋಶ ಕೊಳೆತು ಒಡೆಯಬಹುದು, ನಂಜು ರಕ್ತಕ್ಕೇರಬಹುದು.

ಈ ಸೋಂಕು ಕೆಲವು ದಿನಗಳ ಬಳಿಕ, ರೋಗಿ ಊರಿಗೆ ಮರಳಿದ ಮೇಲೆ ಕಾಣಿಸಿಕೊಳ್ಳುವುದುಂಟು. ಬಳ್ಳಾರಿ ನಗರದವರಿಗೆ ದೊಡ್ಡ ಆಸ್ಪತ್ರೆಗಳು ಸಮೀಪ. ಕುರುಗೋಡಿನವರಿಗೆ ಸುಮಾರು 30, ಸಿರುಗುಪ್ಪದವರಿಗೆ ಸುಮಾರು 55 ಕಿ.ಮೀ. ದಾರಿ. ಆದುದರಿಂದ ಮನೆಮಂದಿಯೆಲ್ಲ ಈ ಲಕ್ಷಣಗಳನ್ನು ಅರಿತಿರಬೇಕು:

● ಬಲ ಪಕ್ಕೆಲುಬಿನ ಕೆಳಗೆ ಬಿಡದ ನೋವು. ದೀರ್ಘವಾಗಿ ಉಸಿರೆಳೆದಾಗ ಹೆಚ್ಚುವುದು, ಬಲ ಭುಜಕ್ಕೆ ಹರಡುವುದು
● ಚಳಿಜ್ವರ
● ವಾಂತಿ, ಅನ್ನ ಸೇರದಿರುವುದು
● ಕಣ್ಣು ಮತ್ತೆ ಹಳದಿಯಾಗುವುದು

ವೃದ್ಧರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವು ಅಲ್ಪವಾಗಿದ್ದರೂ ಸೋಂಕು ತೀವ್ರವಾಗಿರಬಹುದು.

ಇದನ್ನು ವಾಯುವೆಂದು ತಿಳಿದು ಸೋಡಾ ಕುಡಿಯುವುದು, ನೋವಿನ ಮಾತ್ರೆ ನುಂಗುವುದು, ಕಾಮಾಲೆಯ ನಾಟಿ ಔಷಧಿಗೆ ಅಲೆಯುವುದು ಸಲ್ಲದು. ಅಂದೇ ಸಮೀಪದ ಆಸ್ಪತ್ರೆಗೆ ತೆರಳಿ, ಹಿಂದಿನ ಚಿಕಿತ್ಸೆಯ ಬಿಡುಗಡೆ ಪತ್ರವನ್ನು ತೋರಿಸಬೇಕು. ರೋಗಿ ನಿತ್ರಾಣನಾಗಿದ್ದರೆ 108 ಆಂಬುಲೆನ್ಸ್ ಕರೆಯಬೇಕು. ರಕ್ತಪರೀಕ್ಷೆ ಹಾಗೂ ಸ್ಕ್ಯಾನಿಂಗ್‌ನಿಂದ ರೋಗ ತಿಳಿಯುತ್ತದೆ. ಆಂಟಿಬಯೋಟಿಕ್ ನೀಡಿ, ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ತೀರ ದುರ್ಬಲರಿಗೆ ಮೊದಲು ಸಣ್ಣ ನಳಿಕೆಯಿಂದ ಕೆಟ್ಟ ಪಿತ್ತವನ್ನು ಬಸಿಯುತ್ತಾರೆ.

ಕಾಮಾಲೆ ಇಳಿಯಿತೆಂದು, ಭತ್ತದ ಕೊಯ್ಲು ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರಿದ್ದಾರೆ. ಕಲ್ಲಿರುವ ಪಿತ್ತಕೋಶವನ್ನು, ದೇಹಸ್ಥಿತಿ ಅನುಕೂಲವಾಗಿದ್ದರೆ, ಇ.ಆರ್.ಸಿ.ಪಿ. ಆದ ಎರಡು ವಾರಗಳೊಳಗೆ ತೆಗೆಸುವುದು ಲೇಸೆಂಬುದು ತಜ್ಞರ ಅಭಿಮತ. ಆಸ್ಪತ್ರೆಯಿಂದ ಹೊರಡುವ ಮುನ್ನವೇ ಆ ದಿನಾಂಕವನ್ನು ವೈದ್ಯರಿಂದ ಬರೆಸಿಕೊಳ್ಳಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.