ಹೊಸದಾಗಿ ತಂದ ಬಾತುಗಳನ್ನು ಹೊರಗೆ ಬಿಡುವದಕ್ಕೆ ಮುಂಚೆ



ಕಳೆದ ಮಳೆಗಾಲದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಗ್ರಾಮದಲ್ಲಿ ವಿಧವೆಯಾದ ಒಬ್ಬ ಸಹೋದರಿಯು ತನ್ನ ಮೇಕೆಮರಿಯನ್ನು ಮಾರಿ ಆರು ಬಾತುಗಳನ್ನು ಕೊಂಡು ತಂದಳು. ಮೊಮ್ಮಕ್ಕಳಿಗೆ ಮೊಟ್ಟೆ ದೊರಕಲಿ, ಮಿಕ್ಕದ್ದನ್ನು ಮಾರಿ ಅವರ ಪುಸ್ತಕದ ಖರ್ಚಿಗಾಗಲಿ ಎಂಬದೇ ಆಕೆಯ ಆಲೋಚನೆ. ಬಾತು ನೀರಿನ ಪಕ್ಷಿಯಲ್ಲವೇ, ನೀರು ಕಂಡರೆ ಹಿಗ್ಗುವದು ಎಂದು ನೆನಸಿ ಅದೇ ಸಾಯಂಕಾಲ ಅವುಗಳನ್ನು ಕೆರೆಗೆ ಬಿಟ್ಟಳು. ಹಿಗ್ಗಿದ್ದು ನಿಜವೇ, ಆದರೆ ಕತ್ತಲಾದರೂ ಅವು ದಡಕ್ಕೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಏರಿಯ ಮೇಲೆ ಎರಡರ ಗರಿಗಳು ಮಾತ್ರ ಬಿದ್ದಿದ್ದವು. ಒಂದರ ಸುಳಿವೇ ಸಿಕ್ಕಲಿಲ್ಲ. ಉಳಿದ ಮೂರು ನೆರೆಯವನ ಟೊಮ್ಯಾಟೊ ಸಸಿಯ ಮಡಿಯನ್ನು ಕೊಕ್ಕಿನಿಂದ ಕೆದಕಿ ಕೆಸರುಮಾಡಿದ್ದವು. ಆ ನೆರೆಯವನು ನಮ್ಮ ಸಭೆಗೆ ಸೇರಿದವನಲ್ಲ. ಇದೇನೋ ನಿಮ್ಮ ಉಪದೇಶಿ ಕಲಿಸಿದ ಬುದ್ಧಿ ಎಂದು ಬೀದಿಯಲ್ಲಿ ನಿಂತು ಕೂಗಿದನು. ಆಕೆಯು ನಾಚಿಕೆಯಿಂದ ಎರಡು ಭಾನುವಾರ ಆರಾಧನೆಗೆ ಬರಲಿಲ್ಲ. ಕಾಯಿಲೆಯೋ ಏನೋ ಎಂದು ನಾನು ವಿಚಾರಿಸಲು ಹೋದಾಗ ಈ ಸಂಗತಿಯೆಲ್ಲಾ ತಿಳಿಯಬಂತು. ಈ ಪಾಠವನ್ನು ಬರೆಯುವದಕ್ಕೆ ಅದೇ ಕಾರಣ.

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ಬಹುಮಟ್ಟಿಗೆ ಮಳೆಯನ್ನು ನಂಬಿದ ನೆಲ. ರಾಗಿ, ಜೋಳ, ಸೂರ್ಯಕಾಂತಿ, ಚೆಂಡುಹೂ, ಅರಿಶಿನ ಬೆಳೆಯುವ ಸ್ಥಳವೇ ಹೊರತು ಬಾತಿನ ನಾಡಲ್ಲ. ಆದಕಾರಣ ಕುರಿ, ಮೇಕೆ, ನಾಟಿಕೋಳಿಗಳ ಸ್ವಭಾವವನ್ನು ಬಲ್ಲ ನಾವು ಬಾತನ್ನೂ ಒಂದು ಬಗೆಯ ಕೋಳಿಯೆಂದೇ ಎಣಿಸುತ್ತೇವೆ. ಬಾತುಕೋಳಿ ಎಂಬ ಹೆಸರೇ ಹಾಗೆ ತಪ್ಪಿಸುತ್ತದೆ. ಕೋಳಿಯಾದರೋ ಹೊತ್ತು ಮುಳುಗುವಾಗ ತಾನಾಗಿ ಗೂಡಿಗೆ ಹಿಂದಿರುಗುವದು, ಎತ್ತರವಾದ ಕೋಲಿನ ಮೇಲೆ ಕೂರುವದು. ಬಾತಿಗೆ ಆ ಅಗತ್ಯವಿಲ್ಲ. ಅದು ನೀರಿನ ಮೇಲೆಯೇ ನಿದ್ರಿಸಬಲ್ಲದು, ದಡದ ಹುಲ್ಲಿನಲ್ಲಿಯೂ ಮಲಗಬಲ್ಲದು. ಮನೆ ಎಂಬದನ್ನು ಅದಕ್ಕೆ ಕಲಿಸಬೇಕು. ನೋಹನು ಹೊರಗೆ ಬಿಟ್ಟ ಪಾರಿವಾಳವು ತಿರಿಗಿ ನಾವೆಗೇ ಬಂತಲ್ಲವೇ? ನೆಲವೆಲ್ಲಾ ನೀರಾಗಿ ಕಾಲಿಡಲು ಸ್ಥಳವಿಲ್ಲದ್ದು ಒಂದು ಕಾರಣ. ಬಹು ದಿವಸ ಅಲ್ಲಿಯೇ ತಿಂದು ಮಲಗಿದ್ದರಿಂದ ಅದನ್ನೇ ತನ್ನ ಮನೆಯೆಂದು ಅರಿತಿತ್ತು ಎಂಬದು ನನ್ನ ಊಹೆ.

ಬಾತುಗಳನ್ನು ತರುವಾಗಲೇ ಜಾಗ್ರತೆಯಿರಲಿ. ಕೋಳಿಯಂತೆ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿಕೊಂಡು ಬರಕೂಡದು. ಬಾತಿನ ಕಾಲು ಬಲು ಮೃದು, ಉಳುಕಿದರೆ ಕುಂಟುವದು. ಗಾಳಿಯಾಡುವ ಮಂಕರಿಯಲ್ಲಿ ಹುಲ್ಲು ಹಾಸಿ ತರಬೇಕು, ಎತ್ತುವಾಗ ರೆಕ್ಕೆಗಳನ್ನು ಮೈಗೆ ಅಮುಕಿ ಹೊಟ್ಟೆಯ ಕೆಳಗೆ ಕೈಕೊಡಬೇಕು. ಒಂದನ್ನೇ ತರಬೇಡಿರಿ. ಜೊತೆಯಿಲ್ಲದ ಬಾತು ಹಗಲೆಲ್ಲಾ ಕೂಗಿ ಸೊರಗುತ್ತದೆ.

ಮನೆಗೆ ತಂದ ಮೇಲೆ ಹತ್ತು ಹದಿನೈದು ದಿವಸ ಅವುಗಳನ್ನು ಹೊರಗೆ ಬಿಡಲೇಕೂಡದು. ಇದೇ ಈ ಪಾಠದ ತಿರುಳು. ರಾತ್ರಿ ಮಲಗಲು ಒಂದೊಂದಕ್ಕೆ ಮೂರು ಚದರಡಿಯಷ್ಟು ನೆಲವುಳ್ಳ ಗೂಡು, ಅದರ ಮುಂದೆ ಹಗಲು ಓಡಾಡಲು ಒಂದೊಂದಕ್ಕೆ ಹತ್ತರಿಂದ ಹದಿನೈದು ಚದರಡಿಯ ಬೇಲಿಯಂಗಳ, ಇಷ್ಟಿದ್ದರೆ ಸಾಕು. ಗೂಡಿನ ನೆಲಕ್ಕೆ ಭತ್ತದ ಹೊಟ್ಟನ್ನಾಗಲಿ ಒಣಹುಲ್ಲನ್ನಾಗಲಿ ಹರಡಿ, ತೇವವಾದೊಡನೆ ಬದಲಾಯಿಸಿರಿ. ಮುಂಗುಸಿಯೂ ಕಾಡುಬೆಕ್ಕೂ ನುಗ್ಗದಂತೆ ಸಂದುಗಳನ್ನು ಮುಚ್ಚಿರಿ. ಬಂಡೀಪುರದ ಕಾಡಂಚಿನ ಗ್ರಾಮಗಳವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಗಾಢ ಕತ್ತಲೆಯಲ್ಲಿ ಬಾತುಗಳು ಗಾಬರಿಗೊಂಡು ಒಂದರ ಮೇಲೊಂದು ಬೀಳುವದುಂಟು. ಮೊದಲ ಕೆಲವು ರಾತ್ರಿ ದೂರದಲ್ಲಿ ಒಂದು ಮಂದದೀಪವಿಟ್ಟರೆ ಸುಮ್ಮನಿರುತ್ತವೆ.

ಕೆರೆ ಬೇಡವೆಂದರೆ ನೀರೇ ಬೇಡವೆಂದಲ್ಲ. ಕಣ್ಣು ಮೂಗುಗಳೆಲ್ಲಾ ಮುಳುಗುವಷ್ಟು ಆಳವಾದ ಬೋಗುಣಿಯಲ್ಲಿ ಸದಾ ನೀರಿರಬೇಕು. ಇಲ್ಲದಿದ್ದರೆ ಕಣ್ಣು ಕಟ್ಟಿಕೊಳ್ಳುವದು. ಮೇವು ಕೊಡುವಾಗಲೂ ಪಕ್ಕದಲ್ಲೇ ನೀರಿರಲಿ, ಒಣಹಿಟ್ಟು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಕ್ಕಿನುಚ್ಚು, ತೌಡು, ರಾಗಿ ಇವುಗಳನ್ನು ನೆನಸಿ ಕೊಡಬಹುದು. ಮುಸುಕಿನ ಜೋಳವೊಂದನ್ನೇ ಹಾಕಿದರೆ ಮರಿಗಳ ಕಾಲು ಸೊಟ್ಟಗಾಗುವದು, ಯಾಕಂದರೆ ಬಾತಿಗೆ ಬೇಕಾದ ನಿಯಾಸಿನ್ ಎಂಬ ಜೀವಸತ್ವವು ಅದರಿಂದ ಸಾಕಷ್ಟು ದೊರಕದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನಂತೂ ಮುಟ್ಟಿಸಬೇಡಿರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೆ ಮೇಲ್ಪಟ್ಟು ಟರ್ಕಿ ಕೋಳಿಗಳೂ ಅನೇಕ ಬಾತುಮರಿಗಳೂ ಸತ್ತವು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ದನ ತಿಂದು ಅರಗಿಸಿಕೊಳ್ಳುವಷ್ಟು ಬೂಷ್ಟೂ ಬಾತುಮರಿಗೆ ಮರಣಕರವಾದೀತು.

ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸ ಬಾತುಗಳನ್ನು ಮೂರು ವಾರ ಬೇರೆಯಾಗಿಡಿರಿ. ಹೊರಗೆ ಚೆನ್ನಾಗಿ ಕಾಣುವ ಬಾತು ಒಳಗೆ ರೋಗವನ್ನು ಹೊತ್ತಿರಬಹುದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಾಕಣೆಯ ಕೇಂದ್ರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಪಕ್ಷಿಗಳನ್ನು ಕೊಲ್ಲಬೇಕಾಯಿತು. ವೈದ್ಯರೂ ಬೇಲಿಯೂ ಇರುವ ಸ್ಥಳದಲ್ಲಿಯೇ ಹೀಗಾದರೆ ನಮ್ಮ ಹಿತ್ತಲಿನ ಮಾತೇನು? ಬಾತುಗಳ ಪ್ಲೇಗಿಗೆ ಲಸಿಕೆಯುಂಟು. ತಾಲ್ಲೂಕಿನ ಪಶುವೈದ್ಯರನ್ನು ಕೇಳಿರಿ.

ಈ ದಿವಸಗಳಲ್ಲಿ ಮನೆಯವರಲ್ಲಿ ಒಬ್ಬರೇ, ಒಂದೇ ಹೊತ್ತಿಗೆ, ಒಂದೇ ವಿಧವಾಗಿ ಕೂಗಿ ಮೇವು ಹಾಕಬೇಕು. ತಟ್ಟೆಯನ್ನು ಬಡಿದರೂ ಆದೀತು. ಹುಡುಗರು ಅಟ್ಟಿಸಿಕೊಂಡು ಹೋಗದಂತೆ ತಡೆಯಿರಿ. ಕೂಗು ಕೇಳಿದೊಡನೆ ಎಲ್ಲವೂ ತಲೆಯೆತ್ತಿ ಓಡಿಬರುವದನ್ನು ಕಂಡ ಮೇಲೆ, ಒಂದು ಸಾಯಂಕಾಲ ಮೇವು ಹಾಕುವದಕ್ಕೆ ಒಂದು ಗಂಟೆ ಮುಂಚೆ, ಹಸಿದಿರುವಾಗಲೇ, ಬಾಗಿಲು ತೆರೆಯಿರಿ. ನೀವೂ ಹಿಂದೆಯೇ ಇರಬೇಕು. ಮರಳಿ ತರುವಾಗ ಎರಡು ಉದ್ದವಾದ ಕೋಲುಗಳನ್ನು ಎಡಬಲಕ್ಕೆ ಚಾಚಿಕೊಂಡು ಮೆಲ್ಲಗೆ ನಡೆದರೆ ಹಿಂಡು ಒಟ್ಟಾಗಿ ಮುಂದೆ ಹೋಗುವದು. ಕೊಯ್ಲಾದ ಗದ್ದೆಗಳಲ್ಲಿ ನೂರಾರು ಬಾತುಗಳನ್ನು ಮೇಯಿಸುತ್ತಾ ಊರೂರು ತಿರುಗುವವರ ನಡೆಯನ್ನು ನೋಡಿದ್ದೀರೋ? ಅವರು ಓಡುವದೇ ಇಲ್ಲ. ದಿನದಿನಕ್ಕೆ ಹೊತ್ತನ್ನು ಹೆಚ್ಚಿಸುತ್ತಾ ವಾರ ಕಳೆದ ಮೇಲೆ ಕೆರೆಯವರೆಗೂ ಬಿಡಬಹುದು. ಬೆಳಿಗ್ಗೆ ಒಂಭತ್ತಕ್ಕೆ ಮೊದಲು ಮಾತ್ರ ಬೇಡ. ಬಾತು ನಸುಕಿನಲ್ಲಿ ಮೊಟ್ಟೆಯಿಡುವದರಿಂದ ಬೇಗ ಬಿಟ್ಟರೆ ಮೊಟ್ಟೆಯು ಕೆರೆಯ ಪಾಲಾದೀತು. ತಾಯಿಯಿಲ್ಲದೆ ಬೆಳೆದ ಮರಿಗಳನ್ನು ಗರಿ ತುಂಬುವ ತನಕ ಆಳವಾದ ನೀರಿಗೆ ಬಿಡಬಾರದು. ತುಪ್ಪುಳು ನೆನೆದು ಚಳಿಯಿಂದ ಸಾಯುತ್ತವೆ.

ಇಷ್ಟಾದರೂ ಒಂದು ದಿವಸ ಅವು ನೆರೆಯವನ ಹೊಲಕ್ಕೆ ಹೋದರೆ ಏನು ಮಾಡಬೇಕು? ವಿಮೋಚನಕಾಂಡ 22ನೇ ಅಧ್ಯಾಯದ 5ನೇ ವಚನವನ್ನು ತೆಗೆದು ಮನೆಯವರೆಲ್ಲರೂ ಓದಿರಿ. ಮತ್ತೊಬ್ಬನ ಬೆಳೆಯನ್ನು ಪಶುವು ಮೇಯ್ದರೆ ಅದರ ಯಜಮಾನನು ತನ್ನ ಬೆಳೆಯಲ್ಲಿ ಉತ್ತಮವಾದದ್ದನ್ನು ಕೊಡಬೇಕೆಂಬ ಆಜ್ಞೆ ಅಲ್ಲಿದೆ. ಅವನು ಕೂಗುತ್ತಾ ಬರುವ ತನಕ ಕಾಯದೆ ನೀವೇ ಹೋಗಬೇಕು.

ನಾವು ಇದನ್ನು ಓದಿದ ಸಾಯಂಕಾಲವೇ ಆ ಸಹೋದರಿಯು ತನ್ನ ಹಿತ್ತಲಿನ ಮಡಿಯಿಂದ ಒಳ್ಳೆಯ ಸಸಿಗಳನ್ನೇ ಆರಿಸಿ ಕಿತ್ತು, ಬುಟ್ಟಿಯಲ್ಲಿಟ್ಟುಕೊಂಡು ನೆರೆಯವನ ಬಾಗಿಲಿಗೆ ಹೋದಳು. ನಾನು ಜೊತೆಗಿದ್ದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಅರ್ಧ ಸಸಿಗಳನ್ನು ತೆಗೆದುಕೊಂಡು ಅರ್ಧವನ್ನು ಬುಟ್ಟಿಯಲ್ಲಿಯೇ ಬಿಟ್ಟು, ಇನ್ನು ಮೇಲೆ ಬೇಲಿ ಕಟ್ಟಮ್ಮಾ ಎಂದನು. ಬೇಲಿಗೆ ಬೇಕಾದ ಬಿದಿರನ್ನು ಸಭೆಯ ಯೌವನಸ್ಥರು ಮರುದಿನ ತಂದುಕೊಟ್ಟರು. ಮೂರು ಬಾತುಗಳು ಹದಿನೈದು ದಿವಸ ಅದರೊಳಗಿದ್ದವು. ಈಗ ಆಕೆಯು ತಟ್ಟೆ ಬಡಿದರೆ ಕೆರೆಯಿಂದ ಸಾಲಾಗಿ ಬರುತ್ತವೆ.